ಎಮ್ಮೆ ಮಲಗುವ ಜಾಗ

ಬಸಿಯ ತಳಕ್ಕೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಬಿಳಿಯ ಸಣ್ಣ ಚೀಟಿ. ಒಂದು ಮೂಲೆ ಮಾತ್ರ ಎದ್ದಿತ್ತು, ಯಾರೋ ಉಗುರಿನಿಂದ ಕೆರೆದು ಅವಸರದಲ್ಲಿ ಕೈಬಿಟ್ಟ ಹಾಗೆ. ನನ್ನ ಸಹೋದ್ಯೋಗಿ ರೇಣಕ್ಕ ಚಹಾವನ್ನು ಕಪ್ಪಿನಿಂದ ಬಸಿಗೆ ಬಗ್ಗಿಸಿಕೊಂಡು ತುಟಿಯ ಮಟ್ಟಕ್ಕೆ ಎತ್ತಿದಾಗ, ಎದುರಿಗೆ ಕುಳಿತಿದ್ದ ನನಗೆ ಅದು ಕಂಡಿತು. ನನ್ನ ಬಸಿಯನ್ನೂ ಹೊರಳಿಸಿ ನೋಡಬೇಕೆನಿಸಿತು. ಆದರೆ ಅದರ ತುಂಬ ಚಹಾ ಇತ್ತು.

ಆ ಮನೆಯ ಒಡತಿ ಶಿವಗಂಗವ್ವ ನನ್ನ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದಳು. ಹೆಚ್ಚುಕಡಿಮೆ ನನ್ನದೇ ವಯಸ್ಸಿನವಳು. ಬಾಗಿಲ ಪಕ್ಕದಲ್ಲಿ ಅವಳ ಅತ್ತೆ ಗೋಡೆಗೆ ಒರಗಿ ಕುಳಿತಿದ್ದರು.

"ಈ ಮನೆಯಲ್ಲಿ ನಿಮಗೆ ಸಮಾಧಾನ ಇದೆಯೇನು?" ಎಂದು ಕೇಳಿದೆ.

"ಭಾಳ ಚಲೋ ಐತ್ರೀ ಅಕ್ಕಾರ. ಆರಾಮ ಅದೀವಿ."

"ಯಾವಾಗಿನಿಂದ ಇಲ್ಲಿದ್ದೀರಿ?"

"ಕೊಟ್ಟಾಗಿಂದನೂ ಇಲ್ಲೇ ಅದೀವ್ರಿ. ಇಲ್ಲೇ ಉಣ್ಣೂದು, ಇಲ್ಲೇ ಮಲಗೂದು. ಲಗೂ ಲಗೂ ಕೇಳ್ರಿ, ಎಮ್ಮಿ ಒದರಾಕ ಹತ್ತಿರತೈತಿ."

ಅತ್ತೆ ಕೆಮ್ಮಿದರು. ಶಿವಗಂಗವ್ವ ಬಾಯಿ ಮುಚ್ಚಿದಳು. ನಾನು ಕಿವಿಗೊಟ್ಟು ಕೇಳಿದೆ. ಆ ಬಡಾವಣೆಯಲ್ಲಿ ಎಲ್ಲಿಯೂ ಎಮ್ಮೆಯ ಸದ್ದಿರಲಿಲ್ಲ.

ಈ ಕತೆಯನ್ನು ಮುಂದುವರಿಸುವ ಮೊದಲು ನಾನು ಅಲ್ಲೇಕೆ ಕುಳಿತಿದ್ದೆ ಎಂಬುದನ್ನು ಹೇಳಬೇಕು. ಹುಬ್ಬಳ್ಳಿಯ ಒಂದು ಸ್ವತಂತ್ರ ನೀತಿ ಅಧ್ಯಯನ ಸಂಸ್ಥೆಯಲ್ಲಿ ಕೆಲವು ವರ್ಷ ಕೆಲಸ ಮಾಡಿದೆ, ಈಗ ಬಿಟ್ಟಿದ್ದೇನೆ. ನಿವೃತ್ತಿ ಎನ್ನಲು ವಯಸ್ಸು ಸಾಲದು, ರಾಜೀನಾಮೆ ಎಂದರೆ ಜಗಳವಾಡಿಕೊಂಡು ಬಂದಂತೆ ಕೇಳಿಸುತ್ತದೆ. ಏಕೆ ಬಿಟ್ಟೆ ಎಂಬುದು ನನ್ನ ವಿಷಯ. ಅಲ್ಲಿಗೆ ಹೊಸದಾಗಿ ಸೇರುವವರಿಗಾಗಿ ಏನಾದರೂ ಬರೆದುಕೊಡು ಎಂದು ನಿರ್ದೇಶಕರಾದ ಇನಾಮದಾರ ಸರ್ ಕೇಳಿದರು. "ನಮ್ಮ ಅಧ್ಯಯನ ವಿಧಾನದ ಬಗ್ಗೆ ಬರಿ" ಎಂದರು. ವಿಧಾನದ ಬಗ್ಗೆ ಅವರೇ ಬರೆದ ದಪ್ಪನೆಯ ಕೈಪಿಡಿ ಇದೆ, ಓದಿಕೊಳ್ಳಬಹುದು. ನಾನು ಕೈಪಿಡಿ ಮುಗಿದು ಚಹಾ ಶುರುವಾಗುವ ಜಾಗದಿಂದ ಬರೆಯುತ್ತೇನೆ.

ನಮ್ಮ ಕಚೇರಿ ಒಂದು ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿತ್ತು. ನಾವು ಬರೆದ ವರದಿಗಳೆಲ್ಲ ಸರ್ಕಾರದ ಕೈ ಸೇರುವ ಮೊದಲು ಜೋಳದ ಹಿಟ್ಟಿನ ತೆಳುವಾದ ಪುಡಿಯನ್ನು ಹೊದ್ದುಕೊಂಡಿರುತ್ತಿದ್ದವು. ಇನಾಮದಾರ ಸರ್ ಅವನ್ನು ಪಂಚೆ ಕೊಡವುವವರಂತೆ ಕೊಡವಿ ಲಕೋಟೆಗೆ ಹಾಕುತ್ತಿದ್ದರು. ನಮ್ಮ ಸಂಸ್ಥೆ ಸರ್ಕಾರದ್ದಲ್ಲ, ಪಕ್ಷದ್ದಲ್ಲ, ಯಾರದೂ ಅಲ್ಲ. ಹಾಗಾಗಿ ನಾವು ಯಾರು ಎಂದು ಹೇಳುವುದೇ ಕೆಲಸದ ಮೊದಲ ಕಷ್ಟ. ನಾನು ಮೊದಲ ಸಲ ಕ್ಷೇತ್ರಕಾರ್ಯಕ್ಕೆ ಹೋದದ್ದು ಗಜೇಂದ್ರಗಡದ ಹತ್ತಿರದ ರಾಜೂರಿಗೆ. ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ನನ್ನನ್ನು ಕರೆದರು.

"ಸರ್ಕಾರದಾಕೀ ಏನವ್ವಾ?"

"ಅಲ್ಲ ಅಜ್ಜಾರ."

"ಹಂಗಾರ ಪಾರ್ಟಿಯಾಕಿ."

"ಅಲ್ರಿ."

"ಪೇಪರಿನಾಕಿ?"

"ಅಲ್ರಿ. ಸರ್ಕಾರದ ಯೋಜನೆಗಳು ಹ್ಯಾಂಗ ನಡದಾವ ಅಂತ ನೋಡತೀವಿ. ವಿಚಾರ ಮಾಡಿ ಬರದು ಕೊಡತೀವಿ."

"ಬರೇ ವಿಚಾರ ಮಾಡೂದು?"

"ಹೌದ್ರಿ."

"ಪಗಾರ ಕೊಡತಾರ?"

"ಕೊಡತಾರ್ರಿ."

ಅಜ್ಜ ಪಕ್ಕದಲ್ಲಿದ್ದ ಗೆಳೆಯನ ತೊಡೆಗೆ ಬಡಿದರು. "ನೋಡಲೇ ಸಂಗ್ಯಾ, ನಾವಿಬ್ಬರೂ ಈ ಕಟ್ಟಿ ಮ್ಯಾಲ ಜಿಂದಗಿ ತುಂಬ ಪುಕ್ಕಟ ಮಾಡಿಬಿಟ್ವಿ."

ಸ್ವತಂತ್ರ ಸಂಸ್ಥೆ ಎಂದರೇನು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ವ್ಯಾಖ್ಯಾನವನ್ನು ನಾನು ವಿಶ್ವವಿದ್ಯಾಲಯದಲ್ಲಿಯೂ ಕೇಳಿರಲಿಲ್ಲ.

ವಿಧಾನಗಳು ಬದಲಾಗುತ್ತಲೇ ಇದ್ದವು. ಸರ್ ದಿಲ್ಲಿಯ ಯಾವುದಾದರೂ ಸಮ್ಮೇಳನಕ್ಕೆ ಹೋಗಿ ಬಂದರೆಂದರೆ ನಮಗೆ ಒಂದು ಹೊಸ ವಿಧಾನ ಗ್ಯಾರಂಟಿ. ಒಮ್ಮೆ, ಉತ್ತರಗಳನ್ನು ಬರೆದುಕೊಳ್ಳುವುದು ಹಳೆಯ ಪದ್ಧತಿ, ಎಲ್ಲವನ್ನೂ ಧ್ವನಿಮುದ್ರಣ ಮಾಡಬೇಕು ಎಂದು ನಿರ್ಧರಿಸಿಕೊಂಡು ಬಂದರು. ನಾವು ಗಜೇಂದ್ರಗಡದಲ್ಲಿ ಒಬ್ಬ ಹಿರಿಯ ನೇಕಾರರ ಮನೆಗೆ ಹೋದೆವು. ಅವರು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದರು. "ನೀವು ಕೇಳ್ರಿ, ಕೈ ತನ್ನ ಪಾಡಿಗೆ ತಾ ನಡೀತದ" ಎಂದರು. ಮಗ್ಗ ನಿಲ್ಲಿಸಿ ಎನ್ನುವ ಧೈರ್ಯ ನನಗಿರಲಿಲ್ಲ. ರೇಣಕ್ಕ ಸೀರೆಯ ಅಂಚು ನೋಡುವುದರಲ್ಲಿ ಮುಳುಗಿದ್ದಳು. ಅವರು ನೂಲಿನ ವಿಷಯ, ಮಾರುಕಟ್ಟೆಯ ವಿಷಯ, ಸೊಸೈಟಿಯ ವಿಷಯ ಎಲ್ಲವನ್ನೂ ಮನಸ್ಸು ಬಿಚ್ಚಿ ಹೇಳಿದರು. ಕಚೇರಿಗೆ ಬಂದು ಕೇಳಿದರೆ ಮೊದಲಿನಿಂದ ಕೊನೆಯವರೆಗೆ ಖಟಕ್ ಖಟಕ್, ನಡುವೆ ಅಲ್ಲಲ್ಲಿ ರೇಣಕ್ಕನ "ಅಯ್ಯ, ಚಂದ ಐತ್ರಿ ಇದು." ಸರ್ ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು. "ಲಯ ಭಾಳ ಚಲೋ ಅದ" ಎಂದು ಎದ್ದು ಹೋದರು. ಆಮೇಲಿನಿಂದ, ಮಗ್ಗಕ್ಕೆ ಉದ್ದುದ್ದ ಬಿಗಿದ ಹಳೆಯ ಹಾಸು ಮುಗಿದು ಹೊಸ ಹಾಸಿನ ಎಳೆ ಜೋಡಿಸುವ ದಿನವೇ ನೇಕಾರರ ಮನೆಗೆ ಹೋಗಬೇಕೆಂಬುದು ನಮ್ಮ ನಿಯಮವಾಯಿತು. ಆಗ ಮಗ್ಗ ಸುಮ್ಮನಿರುತ್ತದೆ. ಮನೆಯಲ್ಲಿ ಎಲ್ಲರೂ ಮಾತನಾಡುತ್ತಾರೆ.

ಆಮೇಲೆ ಟ್ಯಾಬ್ ಬಂತು. ಅದರಲ್ಲಿ ಕುಟುಂಬದ ಮುಖ್ಯಸ್ಥರ ಹೆಸರು ತುಂಬದೆ ಮುಂದಿನ ಪ್ರಶ್ನೆ ತೆರೆದುಕೊಳ್ಳುತ್ತಿರಲಿಲ್ಲ. ನರಗುಂದದ ಒಂದು ಮನೆಯಲ್ಲಿ ಅಣ್ಣ ತಮ್ಮ ಇಬ್ಬರೂ ನಮ್ಮನ್ನು ಆದರದಿಂದ ಕೂಡಿಸಿಕೊಂಡರು. ಮುಖ್ಯಸ್ಥರು ಯಾರು ಎಂದು ಕೇಳಿದೆ. "ಅಣ್ಣನ ಹೆಸರು ಹಾಕ್ರಿ" ಎಂದ ತಮ್ಮ. "ಛೇ ಛೇ, ವ್ಯವಹಾರ ಎಲ್ಲಾ ಅಂವನ ನೋಡತಾನ, ಅಂವಂದೇ ಹಾಕ್ರಿ" ಎಂದ ಅಣ್ಣ. ಹೀಗೆ ಒಬ್ಬರಿಗೊಬ್ಬರು ಮರ್ಯಾದೆ ಮಾಡುತ್ತ ಮಾಡುತ್ತ ದನಿ ಏರಿತು. "ನಾ ವ್ಯವಹಾರ ನೋಡತೀನಿ ಅಂದ್ರ ಏನರ್ಥ? ನಿನಗ ಲೆಕ್ಕ ಕೊಡಂಗಿಲ್ಲಂತೇನು?" ಎಂದು ತಮ್ಮ ಎದ್ದು ನಿಂತ. ಒಳಗಿನಿಂದ ಅವರ ತಾಯಿ ಬಂದು ಇಬ್ಬರನ್ನೂ ಸುಮ್ಮನಾಗಿಸಿ ನನ್ನ ಕಡೆ ತಿರುಗಿದರು. "ನನ್ನ ಹೆಸರ ಹಾಕಿಕೋ ಯವ್ವಾ. ಕೀಲಿಕೈ ನನ್ನ ಹಂತ್ಯಾಕ ಅದಾವ." ಹಾಕಿದೆ. ಪ್ರಶ್ನೆ ತೆರೆದುಕೊಂಡಿತು.

ಇವೆಲ್ಲ ನಗುವ ಸಂಗತಿಗಳು. ಶಿವಗಂಗವ್ವನದೂ ನಗುವ ಸಂಗತಿಯೇ, ಆದರೆ ಅವಳ ಮನೆ ಹೋಗುವುದರಲ್ಲಿತ್ತು.

ಹೊಳೆಆಲೂರಿನ ಕಡೆ ಮಲಪ್ರಭೆಯ ದಂಡೆಯ ಮೇಲಿರುವ ಊರು ಅದು, ಹೆಸರು ಬೇಡ. ಹಿಂದೊಮ್ಮೆ ಹೊಳೆ ಊರೊಳಗೆ ಬಂದು ಗೋಡೆಗಳನ್ನು ಕೆಡವಿ ಹೋಗಿತ್ತು. ಆಮೇಲೆ ಎತ್ತರದ ಜಾಗದಲ್ಲಿ ಸಾಲುಸಾಲಾಗಿ ಹೊಸ ಮನೆ ಕಟ್ಟಿ ಊರಿನವರಿಗೆ ಹಂಚಿದರು. ಜನ ಅದನ್ನು ನವಗ್ರಾಮ ಎನ್ನುತ್ತಾರೆ. ಮನೆ ಪಡೆದವರಲ್ಲಿ ಹಲವರು ಅವಕ್ಕೆ ಬೀಗ ಹಾಕಿ ಹಳೆಯ ಊರಿನಲ್ಲೇ ಉಳಿದಿದ್ದಾರೆ ಎಂಬ ದೂರು ಇಲಾಖೆಗೆ ಹೋಗಿತ್ತು. ಯಾರು ವಾಸವಾಗಿಲ್ಲವೋ ಅವರ ಮನೆಯ ಹಂಚಿಕೆ ರದ್ದು ಮಾಡಿ ಬೇರೆಯವರಿಗೆ ಕೊಡುವ ವಿಚಾರವಿತ್ತು. ಯಾರು ವಾಸವಾಗಿದ್ದಾರೆ, ಯಾರು ಇಲ್ಲ ಎಂದು ನೋಡಿ ಹೇಳುವ ಕೆಲಸ ನಮಗೆ ಬಂದಿತ್ತು.

ಕೈಪಿಡಿಯ ಪ್ರಕಾರ ಪಂಚಾಯತಿಗೆ ಮುಂಚಿತವಾಗಿ ತಿಳಿಸಿ ಹೋದೆವು. ಮನೆಮನೆಯಲ್ಲೂ ಜನ ಇದ್ದರು. ಹಗ್ಗದ ಮೇಲೆ ಬಟ್ಟೆ ಒಣಗುತ್ತಿದ್ದವು. ಎಲ್ಲರೂ ಆರಾಮ, ಎಲ್ಲರೂ ಅಲ್ಲೇ ಉಣ್ಣುವವರು, ಅಲ್ಲೇ ಮಲಗುವವರು. ಸರ್ ಫಲಿತಾಂಶವನ್ನು ಒಂದು ವರ್ತುಲದ ನಕ್ಷೆಯಲ್ಲಿ ಹಾಕಿ ನೋಡಿದರು. ಇಡೀ ವರ್ತುಲ ಒಂದೇ ಬಣ್ಣ.

"ಇಷ್ಟು ಸ್ವಚ್ಛ ಫಲಿತಾಂಶ ನನ್ನ ಜೀವನದಾಗ ನೋಡಿಲ್ಲ" ಎಂದರು ಸರ್.

"ಸರ್, ಅದು ಫಲಿತಾಂಶ ಅಲ್ರಿ, ರೊಟ್ಟಿ" ಎಂದಳು ರೇಣಕ್ಕ.

ರೇಣಕ್ಕ ರೋಣದವಳು. ಅವಳಿಗೆ ಸರ್ ಬಗ್ಗೆ ಗೌರವ ಅಪಾರ. ಅದನ್ನು ತೋರಿಸುವ ರೀತಿ ಮಾತ್ರ ಬೇರೆ.

"ಯಾಕ? ಏನ ತಪ್ಪದ?"

"ಆ ಮನಿಗೊಳೊಳಗ ಒಂದ ಹಲ್ಲಿ ಕಾಣಲಿಲ್ರಿ ನನಗ. ಮಂದಿ ಇದ್ದ ಮನಿಯಾಗ ದೀಪ ಇರತೈತಿ, ದೀಪ ಇದ್ದಲ್ಲೆ ಹುಳ, ಹುಳ ಇದ್ದಲ್ಲೆ ಹಲ್ಲಿ."

ಸರ್ ನನ್ನ ಕಡೆ ನೋಡಿದರು. ಕೈಪಿಡಿಯಲ್ಲಿ ಹಲ್ಲಿಯ ಅಧ್ಯಾಯ ಇರಲಿಲ್ಲ. ನಾನು ಬಸಿಯ ತಳದ ಚೀಟಿಯ ವಿಷಯ ಹೇಳಿದೆ, ಕೇಳಿಸದ ಎಮ್ಮೆಯ ವಿಷಯವನ್ನೂ ಹೇಳಿದೆ. ಅಡುಗೆಮನೆಯ ಗೋಡೆಗೆ ಎಲ್ಲಿಯೂ ಮಸಿ ಹಿಡಿದಿರಲಿಲ್ಲ ಎಂದೂ ಹೇಳಿದೆ. ಸರ್ ವರ್ತುಲದ ಕಡೆ ತಿರುಗಿದರು. ಅದನ್ನು ಅಳಿಸುವುದು ಅವರಿಗೆ ಕಷ್ಟವಾಗಿತ್ತು. "ಈ ಸಲ ಯಾರಿಗೂ ಹೇಳದ ಹೋಗ್ರಿ" ಎಂದರು.

ಮರುವಾರ ಒಂದು ಸಂಜೆ ಇಬ್ಬರೂ ಬಸ್ಸಿನಿಂದ ಇಳಿದು ನೇರವಾಗಿ ಮೇಲಿನ ಬಡಾವಣೆಗೆ ಹೋದೆವು. ಕೆಲವು ಮನೆಗಳಲ್ಲಿ ನಿಜವಾಗಿಯೂ ಒಲೆ ಉರಿಯುತ್ತಿತ್ತು. ಉಳಿದವುಗಳ ಬಾಗಿಲಿಗೆ ಬೀಗ. ಶಿವಗಂಗವ್ವನ ಮನೆಗೂ ಬೀಗ. ಕಿಟಕಿಯಲ್ಲಿ ಇಣುಕಿದರೆ ಒಳಗೆ ಸೂರಿನವರೆಗೂ ಎಮ್ಮೆಯ ಮೇವಿಗೆಂದು ಒಟ್ಟಿದ ಜೋಳದ ಕಣಿಕೆ. ಕೆಳಗಿಳಿದು ಹಳೆಯ ಊರಿಗೆ ಬಂದೆವು. ಬಿರುಕು ಬಿಟ್ಟ ಗೋಡೆಯ ಒಂದು ಮನೆಯ ಮುಂದೆ ಶಿವಗಂಗವ್ವ ಎಮ್ಮೆಯ ಕೆಚ್ಚಲಿಗೆ ನೀರು ಚಿಮುಕಿಸುತ್ತಿದ್ದಳು. ನಮ್ಮನ್ನು ನೋಡಿ ಕೈಯಲ್ಲಿದ್ದ ಚರಿಗೆಯನ್ನು ಹಾಗೇ ಹಿಡಿದುಕೊಂಡು ನಿಂತಳು.

ಮೊದಲು ನಕ್ಕದ್ದು ಅವಳ ಅತ್ತೆ. "ಸಿಕ್ಕಬಿದ್ವಿ, ಬರ್ರಿ, ಕುಂದರ್ರಿ. ಈ ಚಹಾ ಆದ್ರೂ ಖರೇ ಮನಿಯಾಗಿಂದು."

ಆಮೇಲೆ ಎಲ್ಲ ಹೊರಬಂತು. ನಾವು ಬರುವ ಸುದ್ದಿ ಪಂಚಾಯತಿಯಿಂದ ತಿಳಿದ ಕೂಡಲೇ ಊರಿನವರು ಟ್ರ್ಯಾಕ್ಟರಿನಲ್ಲಿ ಹಾಸಿಗೆ, ಕೊಡ, ಒಣಗಿದ ಬಟ್ಟೆಗಳನ್ನು ಹೇರಿಕೊಂಡು ಮೇಲೆ ಹೋಗಿದ್ದರು. ಒಣಗಿದ ಬಟ್ಟೆಗಳನ್ನು ಮತ್ತೆ ನೀರಲ್ಲಿ ಅದ್ದಿ ಹಗ್ಗಕ್ಕೆ ಹಾಕಿದ್ದರು. ಕಣಿಕೆಯನ್ನೆಲ್ಲ ಹೊರಗೆ ಸಾಗಿಸಿ, ನಾವು ಹೋದ ಮೇಲೆ ಮತ್ತೆ ತುಂಬಿದ್ದರು. ಬಂದವರಿಗೆ ಒಡಕು ಕಪ್ಪಿನಲ್ಲಿ ಚಹಾ ಕೊಡಬಾರದೆಂದು ಹೊಳೆಆಲೂರಿನ ಪೇಟೆಯಿಂದ ಹೊಸ ಕಪ್ಪು ಬಸಿ ತಂದಿದ್ದರು. ಮೋಸ ಮಾಡುವಾಗಲೂ ಅತಿಥಿ ಅತಿಥಿಯೇ.

"ಇಷ್ಟೆಲ್ಲಾ ಯಾಕ ಮಾಡಿದ್ರಿ?" ಎಂದೆ.

"ಮತ್ತ ಮನಿ ಕಸಗೋತಾರಂತಲ್ಲರೀ ಅಕ್ಕಾರ."

"ಹಂಗಾರ ಮ್ಯಾಲ ಹೋಗಿ ಇರಬಹುದಲ್ಲ. ಮನಿ ಚಲೋನ ಐತಿ."

"ಮನಿ ಚಲೋ ಐತಿ. ಎಮ್ಮಿ ಎಲ್ಲೆ ಕಟ್ಟಲಿ? ಬಾಗಲ ಮುಂದ ಕಟ್ಟಿದ್ರ ಪಂಚಾಯತ್ಯಾರು ರಸ್ತಾ ಹೊಲಸಾಗತೈತಿ ಅಂತಾರ. ಇಲ್ಲೆ ಕಟ್ಟಿ ಅಲ್ಲೆ ಮಲಗಿದ್ರ ರಾತ್ರಿ ಇದನ್ನ ನೋಡವರ್ಯಾರು? ನಮ್ಮಂವ ಗೋವಾದಾಗ ಗೌಂಡಿ ಕೆಲಸಕ್ಕ ಇರತಾನ. ನನ್ನ ಸಂಸಾರ ನಡಿಯೂದು ಈ ಕೆಚ್ಚಲದ ಮ್ಯಾಲ."

ಅವಳು ಎಮ್ಮೆಯ ಪಕ್ಕೆಗೆ ಹಣೆ ಹಚ್ಚಿ ಹಾಲು ಹಿಂಡತೊಡಗಿದಳು. ಮುಖ ಕಾಣದ ಹಾಗೆ ಕುಳಿತೇ ಕೇಳಿದಳು.

"ಈಗ ನೀವು ಖರೇ ಬರದ್ರ ನನ್ನ ಮನಿ ಹೋಗತೈತಿ, ಹೌದಲ್ಲರೀ?"

"ಹೋಗಬಹುದು."

"ಸುಳ್ಳ ಬರದ್ರ?"

"ಎಲ್ಲಾರೂ ಮ್ಯಾಲ ಹೋಗ್ಯಾರ ಅಂತ ಆಗತದ. ಆಮ್ಯಾಲೆ ಇಲ್ಲಿ ನೀರು, ಬಸ್ಸು ಯಾಕ ಅಂತಾರ."

"ಹಂಗಾರ ಏನೂ ಬರೀಬ್ಯಾಡ್ರಿ."

"ಬರಿಯೂದೇ ನನ್ನ ಕೆಲಸ."

"ಎಂಥಾ ಕೆಲಸ ಹಿಡದೀರೆವ್ವಾ ನೀವರೆ" ಎಂದಳು. ಬೈದಂತಿರಲಿಲ್ಲ. ಮದುವೆಯಾಗದ ಹುಡುಗಿಗೆ ಯಾರಿಗೂ ಒಳ್ಳೆಯದು ಮಾಡದ ವೃತ್ತಿ ಗಂಟುಬಿದ್ದಿದೆಯಲ್ಲ ಎಂಬ ಕನಿಕರವಿತ್ತು.

ಹೊಳೆ ಮತ್ತೆ ಬಂದರೆ ಆ ಹಳೆಯ ಗೋಡೆ ನಿಲ್ಲುವುದಿಲ್ಲ ಎಂದು ಅತ್ತೆಗೂ ಗೊತ್ತಿತ್ತು, ಸೊಸೆಗೂ ಗೊತ್ತಿತ್ತು. ಹೊಳೆ ಬಂದಾಗ ಓಡಿಹೋಗಲು ಮೇಲೊಂದು ಮನೆ, ಬರದಿರುವಾಗ ಬದುಕಲು ಕೆಳಗೊಂದು ಎಮ್ಮೆ. ಒಂದನ್ನು ಬಿಟ್ಟು ಇನ್ನೊಂದನ್ನು ಇಟ್ಟುಕೊಳ್ಳುವ ಹಾಗಿರಲಿಲ್ಲ.

ಕಚೇರಿಯಲ್ಲಿ ಸರ್ ಒಂದೇ ಮಾತು ಹೇಳಿದರು. "ಸುಳ್ಳು ಬರಿಯೂ ಹಂಗಿಲ್ಲ."

"ಬರಿಯೂದು ಬ್ಯಾಡ ಸರ್. ಪ್ರಶ್ನೆ ಬದಲು ಮಾಡೋಣ" ಎಂದೆ. "ನೀವು ಎಲ್ಲಿ ಮಲಗತೀರಿ ಅಂತ ಕೇಳೂದು ಬ್ಯಾಡ. ನಿಮ್ಮ ಎಮ್ಮಿ ಎಲ್ಲಿ ಮಲಗತದ ಅಂತ ಕೇಳೋಣ."

"ಇದು ನೀತಿ ಸಂಸ್ಥೆನೋ, ದನದ ದವಾಖಾನಿನೋ?"

"ದವಾಖಾನ್ಯಾಗ ಆದ್ರ ಪೇಶಂಟ್ ಸುಳ್ಳ ಹೇಳಂಗಿಲ್ರಿ ಸರ್" ಎಂದಳು ರೇಣಕ್ಕ.

ಸರ್‌ಗೆ ಅದು ತಮಾಷೆ ಎನಿಸಿತೋ ವಾದ ಎನಿಸಿತೋ, ಒಪ್ಪಿದರು. ನಾವು ಮತ್ತೆ ಊರಿಗೆ ಹೋಗಿ ಮನೆಮನೆಗೂ ತಿರುಗಿದೆವು. ಏಕೆ ಕೇಳುತ್ತಿದ್ದೇವೆ ಎಂಬುದನ್ನು ಮೊದಲೇ ತಿಳಿಸಿದೆವು. ತಮ್ಮ ಬಗ್ಗೆ ಕೇಳಿದರೆ ಗೋಡೆ ನೋಡುತ್ತಿದ್ದವರು ಎಮ್ಮೆಯ ಬಗ್ಗೆ ಕೇಳಿದ ಕೂಡಲೇ ಎದ್ದು ನಮ್ಮನ್ನು ಹಿತ್ತಲಿಗೆ ಕರೆದುಕೊಂಡು ಹೋಗತೊಡಗಿದರು. ಎಮ್ಮೆ ಎಲ್ಲಿ ಮಲಗುತ್ತದೆ, ಯಾವ ಮಗ್ಗುಲಾಗಿ ಮಲಗುತ್ತದೆ, ಯಾರು ಪಕ್ಕದಲ್ಲಿ ಮಲಗಿದರೆ ಹಾಲು ಇಳಿಸುತ್ತದೆ, ಎಲ್ಲ ಹೇಳಿದರು. ಒಬ್ಬಾತ ತನ್ನ ಹೆಂಡತಿಯ ಹೆಸರು ಕೇಳಿದಾಗ ನಾಚಿಕೊಂಡು ತಲೆ ತಗ್ಗಿಸಿದವನು, ಎಮ್ಮೆಯ ಅಜ್ಜಿಯ ಗುಣದವರೆಗೂ ಹೋದ. ಕೊನೆಗೆ ಸಂಗತಿ ತಿಳಿಯಾಯಿತು. ದನ ಎಮ್ಮೆ ಇಲ್ಲದವರು ಬಹುಪಾಲು ಮೇಲೆಯೇ ಇದ್ದರು, ಸುಖವಾಗಿಯೇ ಇದ್ದರು. ಎಮ್ಮೆ ಇದ್ದವರು ಬೀಗ ಹಾಕಿದ್ದರು. ಮನೆ ಬೇಡವಾಗಿ ಅಲ್ಲ, ಮನೆಯ ಒಬ್ಬ ಸದಸ್ಯೆಗೆ ಅಲ್ಲಿ ಜಾಗವಿಲ್ಲದ ಕಾರಣಕ್ಕೆ.

ಅದನ್ನು ಬರೆದೆವು. ರದ್ದು ಮಾಡಬೇಡಿ, ಕೊಟ್ಟಿಗೆ ಕಟ್ಟಲು ಜಾಗ ಕೊಡಿ ಎಂದು ಬರೆದೆವು. ಸರ್ ಹಿಟ್ಟು ಕೊಡವಿ ಲಕೋಟೆಗೆ ಹಾಕಿದರು.

ಜಿಲ್ಲಾ ಕೇಂದ್ರದಲ್ಲಿ ನಡೆದ ಇಲಾಖೆಯ ಸಭೆಗೆ ಸರ್ ನನ್ನನ್ನೂ ಕರೆದುಕೊಂಡು ಹೋದರು. ಹಿರಿಯ ಅಧಿಕಾರಿ ಒಬ್ಬ ಮಹಿಳೆ, ಮೈಸೂರು ಕಡೆಯವರು. ಅಂಥವರ ಮುಂದೆ ವರದಿ ಓದಬಾರದು ಎಂಬುದನ್ನು ಅಂದು ಕಲಿತೆ. ಅವರು ಆಗಲೇ ಓದಿ ಮುಗಿಸಿದ್ದರು.

"ಕಾರಣ ಅರ್ಥವಾಯ್ತು" ಎಂದರು. "ಆದರೆ ಕೊಟ್ಟಿಗೆ ಎಲ್ಲಿ ಕಟ್ಟೋದು? ರಸ್ತೆ ಮೇಲಂತೂ ನಾನು ಬಿಡೋಲ್ಲ."

"ಮನೆಗಳ ಹಿಂದೆ ಹಸಿರು ಪಟ್ಟಿ ಅಂತ ನಕ್ಷೆಯಲ್ಲಿ ಬಿಟ್ಟಿದ್ದಾರೆ, ಮೇಡಂ" ಎಂದರು ಸರ್. "ಅಲ್ಲಿ ಒಂದು ಗಿಡವೂ ಇಲ್ಲ."

"ಅದು ತೀರಾ ಕಿರಿದಲ್ವಾ? ಎಮ್ಮೆ ಹಿಡಿಸುತ್ತಾ?"

"ಹಿಡಿಸುತ್ತೆ."

"ಎಮ್ಮೆ ಎಷ್ಟುದ್ದ ಇರುತ್ತೆ ಸಾರ್?"

ರಾಜ್ಯದ ಬಜೆಟ್ಟಿನ ಯಾವ ಬಾಬತ್ತನ್ನು ಕೇಳಿದರೂ ತಡವರಿಸದ ಇನಾಮದಾರ ಸರ್ ಎರಡೂ ಕೈಗಳನ್ನು ಅಗಲಿಸಿದರು. ಸಾಲದೆನಿಸಿ ಇನ್ನಷ್ಟು ಅಗಲಿಸಿದರು. ಪಕ್ಕದಲ್ಲಿ ಕುಳಿತಿದ್ದ ಎಂಜಿನಿಯರರ ಕನ್ನಡಕಕ್ಕೆ ಕೈ ತಾಗಿತು.

ಮೇಡಂ ನಗಲಿಲ್ಲ. ಮೇಜಿನ ಮೇಲಿದ್ದ ಕಾಗದಗಳ ಮೇಲೆ ಬೆರಳಿಟ್ಟರು. "ರದ್ದತಿ ಆದೇಶ ಸಿದ್ಧವಾಗಿದೆ. ನಾಳೆ ಮಧ್ಯಾಹ್ನ ಸಹಿ ಮಾಡಬೇಕು. ಎಮ್ಮೆ ನಿಂತು, ಮಲಗಿ, ಅದರ ಮುಂದೆ ಮೇವು ಹಾಕಿ, ಪಕ್ಕದಲ್ಲಿ ಒಬ್ಬರು ಕೂತು ಹಾಲು ಕರೆಯೋಷ್ಟು ಜಾಗ ಅಲ್ಲಿದೆ ಅಂತ ಅಷ್ಟರೊಳಗೆ ತೋರಿಸಿದರೆ ನಾನು ತಡೆಹಿಡೀತೀನಿ. ಅಂದಾಜು ಬೇಡ."

ಹೊರಗೆ ಬಂದ ಮೇಲೆ ಸರ್ ತಮ್ಮ ಕೈಗಳನ್ನು ನೋಡಿಕೊಳ್ಳುತ್ತಿದ್ದರು. "ನಾಳೆ ಮುಂಜಾನೆ ನಾ ಇಲ್ಲೇ ಮೇಡಂ ಅವರ ಬಾಗಲದಾಗ ಇರತೀನಿ. ನೀನು…" ಎಂದು ನಿಲ್ಲಿಸಿದರು.

"ಹೋಗತೀನಿ ಸರ್."

ಆ ರಾತ್ರಿ ರೋಣದಲ್ಲಿ ರೇಣಕ್ಕನ ಮನೆಯಲ್ಲಿ ಉಳಿದೆ. ಅವಳ ಗಂಡನ ಹತ್ತಿರ ಅಳತೆಯ ಟೇಪು ಇತ್ತು. ಮರುದಿನ ಮೊದಲ ಬಸ್ಸಿಗೆ ಇಬ್ಬರೂ ಹೊರಟೆವು. ಶಿವಗಂಗವ್ವ ಆಗಷ್ಟೇ ಡೇರಿಗೆ ಹಾಲು ಕೊಟ್ಟು ಬಂದಿದ್ದಳು. ಮಧ್ಯಾಹ್ನದ ವಿಷಯ ಹೇಳಿದೆ. ಅವಳು ಖಾಲಿ ಕ್ಯಾನನ್ನು ಕಟ್ಟೆಯ ಮೇಲಿಟ್ಟು ಸೆರಗು ಸಿಕ್ಕಿಸಿಕೊಂಡಳು. ನಾನು ಟೇಪು ಬಿಚ್ಚಿ ಎಮ್ಮೆಯ ಹತ್ತಿರ ಹೋದೆ. ಎಮ್ಮೆ ನನ್ನನ್ನೂ ಟೇಪನ್ನೂ ನೋಡಿ ಹಿಂದಕ್ಕೆ ಸರಿಯಿತು.

"ಇಲ್ಲೆ ಯಾಕ ಅಳೀತೀ?" ಎಂದಳು ರೇಣಕ್ಕ. "ಕಾಗದದಾಗ ಹಿಡಸೂದು ಬ್ಯಾರೆ, ಜಾಗದಾಗ ಹಿಡಸೂದು ಬ್ಯಾರೆ. ಹೊಡಕೊಂಡ ನಡಿ ಮ್ಯಾಲಕ."

ಶಿವಗಂಗವ್ವ ಮುಂದೆ ಹಗ್ಗ ಹಿಡಿದು ನಡೆದಳು, ನಡುವೆ ಎಮ್ಮೆ, ಹಿಂದೆ ನಾನು. ಸ್ನಾತಕೋತ್ತರ ಪದವಿಯ ಸಮಾರಂಭಕ್ಕೆ ಕೊಂಡಿದ್ದ ಸೀರೆಯಲ್ಲಿದ್ದೆ. ಅಧಿಕಾರಿಗಳ ಸಭೆಗೆಂದು ಹಿಂದಿನ ದಿನ ಉಟ್ಟದ್ದು, ಬೇರೆ ತಂದಿರಲಿಲ್ಲ. ರೇಣಕ್ಕ ನನ್ನ ಕೈಗೆ ಒಂದು ಜಾಲಿಯ ಕಡ್ಡಿ ಕೊಟ್ಟು, ಹೊಡೆಯಬೇಡ, ಹಿಡಿದುಕೊಂಡಿರು ಸಾಕು, ಅದಕ್ಕೆ ಗೊತ್ತಾಗುತ್ತದೆ ಎಂದಳು. ಬಸ್ ನಿಲ್ದಾಣದ ಹತ್ತಿರ ಯಾರೋ ಕೂಗಿ ಕೇಳಿದರು. "ಎಲ್ಲಿಗವ್ವಾ ಶಿವಗಂಗಾ ಸವಾರಿ?"

"ಎಮ್ಮಿಗಿ ಮನಿ ತೋರ್ಸಾಕ."

"ಹಿಂದ ಬರಾಕತ್ತಾಕಿ ಯಾರ?"

"ಸರ್ವೇದಾಕಿ."

"ಸರ್ವೇದವ್ರು ಈಗ ದನಾನೂ ಕಾಯಾಕ ಹತ್ಯಾರ?"

ಮನೆಗಳಿಗೂ ಹಿಂದಿನ ಬೇಲಿಗೂ ನಡುವಿನ ಹಸಿರು ಪಟ್ಟಿಯಲ್ಲಿ ಕಲ್ಲು, ಒಡೆದ ಇಟ್ಟಿಗೆ, ಒಣಗಿದ ಮುಳ್ಳು ಬಿದ್ದಿತ್ತು. ಮೂವರೂ ಸೇರಿ ಶಿವಗಂಗವ್ವನ ಮನೆಯ ಹಿಂದಿನಷ್ಟು ಭಾಗವನ್ನು ಹಸನು ಮಾಡಿದೆವು. ಎಮ್ಮೆಯನ್ನು ನಿಲ್ಲಿಸಿ ಅಳೆದೆ. ಮುಂದೆ ಒಂದು ಬುಟ್ಟಿ ಇಟ್ಟು ಕಣಿಕೆ ಹಾಕಿ ಅಳೆದೆ. ಶಿವಗಂಗವ್ವ ಪಕ್ಕದಲ್ಲಿ ಕುಳಿತಳು, ಅದನ್ನೂ ಅಳೆದೆ. ಅವಳ ಬೆನ್ನಿಗೂ ಮನೆಯ ಗೋಡೆಗೂ ನಡುವೆ ನನ್ನ ಅಂಗೈ ಹಿಡಿಸಿತು. ಉಳಿದದ್ದು ಮಲಗಿದಾಗಿನ ಅಳತೆ. ಟೇಪನ್ನು ನೆಲದ ಮೇಲೆ ಹಾಸಿ ಕಾದೆವು. ಎಮ್ಮೆ ಮಲಗಲಿಲ್ಲ. ಮೇವು ತಿಂದಿತು, ಬಾಲ ಬೀಸಿತು, ಬಡಾವಣೆಯನ್ನು ಒಮ್ಮೆ ಸುತ್ತಲೂ ನೋಡಿತು. ಬಿಸಿಲು ಏರುತ್ತಿತ್ತು. ಸರ್ ಫೋನ್ ಮಾಡಿದರು.

"ಮಲಗಿತೇನು?"

"ಇಲ್ಲ ಸರ್."

ಮತ್ತೆ ಮಾಡಿದರು. "ಮಲಗಿತೇನು?"

"ಇಲ್ಲ ಸರ್. ನೀವು ಫೋನ್ ಮಾಡಿದಾಗೊಮ್ಮೆ ಕಿವಿ ನಿಮಿರಸತದ."

ಶಿವಗಂಗವ್ವ ಎಮ್ಮೆಯ ಕೊರಳನ್ನು ತುರಿಸುತ್ತ ಅದರ ಕಿವಿಯಲ್ಲೇನೋ ಹೇಳುತ್ತಿದ್ದಳು. ನನಗೆ ಕೇಳಿಸುವ ಹಾಗೆ ಹೇಳುತ್ತಿರಲಿಲ್ಲ. ನಾನೂ ಕೇಳಿಸಿಕೊಳ್ಳಲು ಯತ್ನಿಸಲಿಲ್ಲ. ಕೊನೆಗೆ ಎಮ್ಮೆ ಮುಂಗಾಲು ಮಡಚಿತು, ಹಿಂದಿನ ಭಾಗವನ್ನು ನಿಧಾನವಾಗಿ ಇಳಿಸಿತು, ದೊಡ್ಡದೊಂದು ಉಸಿರು ಬಿಟ್ಟು ಮಗ್ಗುಲಾಯಿತು. ಗೋಡೆಗೆ ತಾಗಲಿಲ್ಲ. ಬೇಲಿಗೂ ತಾಗಲಿಲ್ಲ. ರೇಣಕ್ಕ ಫೋಟೋ ತೆಗೆದಳು, ನಾನು ಅಳತೆಗಳನ್ನೆಲ್ಲ ಬರೆದು ಕಳಿಸಿದೆ. ಮೂವರೂ ಗೋಡೆಯ ನೆರಳಿಗೆ ಸರಿದು ಕುಳಿತೆವು.

ಫೋನ್ ಬಂತು. ಹಿಂದಿನಿಂದ ಮೇಡಂ ಅವರ ದನಿ ಕೇಳಿಸುತ್ತಿತ್ತು, ಕೊಂಬು ಸೇರಿಸಿ ಅಳೆದಿದ್ದಾರಾ ಕೇಳಿ ಎನ್ನುತ್ತಿದ್ದರು.

"ಕೊಂಬು ಸೇರಿಸಿ, ಸರ್."

ಅದನ್ನು ಮೇಡಂ ಅವರಿಗೆ ಮುಟ್ಟಿಸಿದ್ದು ಕೇಳಿಸಿತು. ಆಮೇಲೆ ಸರ್ ಹೇಳಿದರು. "ಆದೇಶ ತಡೆಹಿಡದಾರ. ಕೊಟ್ಟಿಗಿ ನಕ್ಷೆ ಕೇಳ್ಯಾರ, ಎಲ್ಲಾ ಮನಿಗೊಳದ್ದೂ. ಇನ್ನ ನೀ ಹೊಳ್ಳಿ ಬಾ."

ಶಿವಗಂಗವ್ವನಿಗೆ ಹೇಳಿದೆ. ಅವಳು ಸೆರಗಿನಿಂದ ಎಮ್ಮೆಯ ಕಣ್ಣಿನ ಹತ್ತಿರದ ನೊಣ ಓಡಿಸಿದಳು, ಅದೇ ಸೆರಗಿನಿಂದ ತನ್ನ ಮುಖ ಒರೆಸಿಕೊಂಡಳು.

ಹೊರಡಲೆಂದು ಟೇಪನ್ನು ಎಳೆದೆ. ಬರಲಿಲ್ಲ. ಎಮ್ಮೆ ಅದರ ಮೇಲೆಯೇ ಮಲಗಿತ್ತು. ರೇಣಕ್ಕ ಹಗ್ಗ ಜಗ್ಗಿದಳು, ನಾನು ಜಾಲಿಯ ಕಡ್ಡಿ ತೋರಿಸಿದೆ. ಎಮ್ಮೆ ಮೆಲುಕು ಹಾಕುತ್ತ ಬೇರೆ ಕಡೆ ನೋಡಿತು.

"ಬಿಡ್ರೀ ಅಕ್ಕಾರ" ಎಂದಳು ಶಿವಗಂಗವ್ವ. "ಅದರ ಮನಸ್ಸಿಗಿ ಬಂದೈತಿ. ಈಗೇನ ಏಳಂಗಿಲ್ಲ."

ಬಸ್ಸಿನ ಹೊತ್ತಾಗಿತ್ತು. ಟೇಪು ರೇಣಕ್ಕನ ಗಂಡನದು. ನಾನು ಅದರ ಇನ್ನೊಂದು ತುದಿಯನ್ನು ಹಿಡಿದುಕೊಂಡು ಹಿಂಬಾಗಿಲ ಮೆಟ್ಟಿಲ ಮೇಲೆ ಕುಳಿತೆ.